ಇಮ್ಯೂನಿಟಿ ಡಬ್ಬಿ ಬದಿಗಿಡಿ, ರೊಟ್ಟಿ-ಕಾಳಿನಿಂದ ಶುರು ಮಾಡಿ

ಮಳೆಗಾಲ ಹತ್ತಿರ ಬಂದರೆ ಸಾಕು, ನಮ್ಮ ಬಳ್ಳಾರಿ, ರಾಯಚೂರು, ಕೊಪ್ಪಳದ ಮೆಡಿಕಲ್ ಶಾಪುಗಳ ಕೌಂಟರ್ ಮೇಲೆ 'ಇಮ್ಯೂನಿಟಿ' (ರೋಗನಿರೋಧಕ ಶಕ್ತಿ) ಅಂತ ದೊಡ್ಡ ಅಕ್ಷರದಲ್ಲಿ ಬರೆದ ಡಬ್ಬಿಗಳು ಬಂದು ಕೂರುತ್ತವೆ. ನಾನೂರು, ಐನೂರು ರೂಪಾಯಿ. ಅದೇ ದುಡ್ಡಿಗೆ ಹೆಸರುಕಾಳು, ಶೇಂಗಾ ಕಿಲೋಗಟ್ಟಲೆ ಬರುತ್ತವೆ, ಮತ್ತು ಕೆಲಸವನ್ನೂ ಅವೇ ಜಾಸ್ತಿ ಮಾಡುತ್ತವೆ.

ಸುಮ್ನೆ ಹೇಳುತ್ತಿಲ್ಲ. ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ, ಡಾ. ಮಾಧವಿ ಭಾರ್ಗವ ಮತ್ತು ಅವರ ತಂಡ ಜಾರ್ಖಂಡ್‌ನಲ್ಲಿ ಒಂದು ದೊಡ್ಡ ಪ್ರಯೋಗ ಮಾಡಿತು. ಟಿ.ಬಿ. (ಕ್ಷಯ) ಬಂದವರ ಮನೆಯಲ್ಲಿರುವ ಉಳಿದವರಿಗೆ, ದೊಡ್ಡವರಾದರೆ ತಲೆಗೆ ತಿಂಗಳಿಗೆ 5 ಕೆಜಿ ಅಕ್ಕಿ, ಒಂದೂವರೆ ಕೆಜಿ ಬೇಳೆ, ಜೊತೆಗೆ ವಿಟಮಿನ್ ಮಾತ್ರೆ ಕೊಟ್ಟರು. ಅಷ್ಟೇ. ಆ ಮನೆಗಳಲ್ಲಿ ಹೊಸದಾಗಿ ಟಿ.ಬಿ. ಬರುವುದು ಸುಮಾರು ಶೇ 40ರಷ್ಟು ಕಡಿಮೆಯಾಯಿತು. 2023ರಲ್ಲಿ ಇದು ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಅಕ್ಕಿ-ಬೇಳೆ ಮಾಡಿದ ಕೆಲಸ ನೋಡಿ.

ಇನ್ನೊಂದು ಮಾತು ಮೊದಲೇ ಹೇಳಿಬಿಡುತ್ತೇನೆ. ರೋಗನಿರೋಧಕ ಶಕ್ತಿ ಅನ್ನೋದು ಒಂದೇ ವಸ್ತು ಅಲ್ಲ. ಚರ್ಮ, ಮೂಗಿನ ಲೋಳೆ, ಹೊಟ್ಟೆಯ ಆಮ್ಲ, ರಕ್ತದ ಬಿಳಿ ಕಣಗಳು, ಹಳೆ ರೋಗವನ್ನು ನೆನಪಿಟ್ಟುಕೊಳ್ಳುವ ಕಣಗಳು, ಎಲ್ಲ ಸೇರಿ ಮಾಡುವ ಕೆಲಸ. ಇದು ಮಿತಿ ಮೀರಿ ಜಾಸ್ತಿಯಾದರೂ ತೊಂದರೆಯೇ: ಅಲರ್ಜಿ, ಕೆಲವು ಬಗೆಯ ಕೀಲುವಾತ ಬರುವುದು ಹಾಗೇ. ಹಾಗಾಗಿ ನಾವು ಮಾಡಬಹುದಾದದ್ದು ಇಷ್ಟು: ಅದಕ್ಕೆ ಬೇಕಾದ ಆಹಾರ ಕೊಡುವುದು, ನಿದ್ದೆ ಕೊಡುವುದು, ಬೇಡದ ಕೆಲಸ ತಲೆ ಮೇಲೆ ಹೇರದೇ ಇರುವುದು.

ಮೊದಲ ಹೆಜ್ಜೆ: ತಾಟಿನ ಲೆಕ್ಕ ಹಾಕಿ

ರೋಗಾಣುಗಳ ಮೇಲೆ ಬೀಳುವ ಪ್ರತಿಕಾಯಗಳು ಪ್ರೋಟೀನಿನಿಂದ ಆಗುತ್ತವೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಪ್ರಕಾರ ದೊಡ್ಡವರಿಗೆ ದಿನಕ್ಕೆ ಪ್ರತಿ ಕೆಜಿ ತೂಕಕ್ಕೆ 0.83 ಗ್ರಾಂ ಪ್ರೋಟೀನ್ ಬೇಕು. 60 ಕೆಜಿ ಇದ್ದವರಿಗೆ ಹತ್ತಿರ ಹತ್ತಿರ 50 ಗ್ರಾಂ.

ಈಗ ನಮ್ಮ ಊಟ ನೋಡೋಣ. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿದು ಕಾಲುವೆಗೆ ನೀರು ಬಂದ ಮೇಲೆ ಗಂಗಾವತಿ, ಸಿಂಧನೂರು, ಮಾನ್ವಿ, ಸಿರುಗುಪ್ಪದ ಕಡೆ ಜೋಳದ ಹೊಲಗಳು ಗದ್ದೆಯಾದವು. ಭತ್ತದಿಂದ ದುಡ್ಡು ಬಂತು, ಬೇಡ ಅನ್ನೋಕಾಗಲ್ಲ. ಆದರೆ ತಾಟಿನಲ್ಲಿ ರೊಟ್ಟಿ ಕಡಿಮೆಯಾಗಿ ಅನ್ನ ಜಾಸ್ತಿಯಾಯಿತು, ಅನ್ನದ ಮೇಲೆ ತಿಳಿಸಾರು, ಅದರಲ್ಲಿ ಬೇಳೆ ಹುಡುಕಬೇಕು. ಎರಡು ಹೊತ್ತು ಹೊಟ್ಟೆ ತುಂಬ ಉಂಡರೂ ಪ್ರೋಟೀನ್ ಲೆಕ್ಕ ಅರ್ಧಕ್ಕೆ ನಿಲ್ಲುವುದು ಇಲ್ಲೇ.

ಹಳೆ ತಾಟಿನ ಲೆಕ್ಕ ಬೇರೆ. ನಾಲ್ಕು ಜೋಳದ ರೊಟ್ಟಿಗೆ ಸುಮಾರು 200 ಗ್ರಾಂ ಹಿಟ್ಟು ಹಿಡಿದರೆ 20 ಗ್ರಾಂ ಪ್ರೋಟೀನ್. ಹೆಸರುಕಾಳು, ಮಡಕಿಕಾಳು ಅಥವಾ ಬೇಳೆ ಒಂದು ದೊಡ್ಡ ಹಿಡಿ (50 ಗ್ರಾಂ) ಅಂದರೆ 11-12 ಗ್ರಾಂ. ಒಂದು ಹಿಡಿ ಶೇಂಗಾ 7 ಗ್ರಾಂ. ಒಂದು ಬಟ್ಟಲು ಮೊಸರು 6 ಗ್ರಾಂ. ತಿನ್ನುವವರಾದರೆ ಒಂದು ತತ್ತಿ, ಅದು 6 ಗ್ರಾಂ. ಲೆಕ್ಕ ಮುಗಿಯಿತು. ಇದರಲ್ಲಿ ಹೊರಗಿನಿಂದ ತಂದ ಡಬ್ಬಿ ಒಂದೂ ಇಲ್ಲ.

ಮುಂಜಾನೆ ಒಗ್ಗರಣೆ-ಮಿರ್ಚಿ ಬಿಡಿ ಅಂತ ಹೇಳುವ ಧೈರ್ಯ ನನಗಿಲ್ಲ. ಕೊಪ್ಪಳದ ಗವಿಮಠದ ಜಾತ್ರೆಗೆ ಊರೂರಿಂದ ರೊಟ್ಟಿ ಬರುತ್ತವೆ, ದಾಸೋಹದಲ್ಲಿ ಮಿರ್ಚಿಯೂ ಲಕ್ಷಗಟ್ಟಲೆ ಕರಿಯುತ್ತಾರೆ, ಎರಡೂ ನಮ್ಮವೇ. ಆದರೆ ದಿನಾ ಅದೇ ತಿಂಡಿಯಾದರೆ ಹೀಗೆ ಮಾಡಿ: ಮಂಡಕ್ಕಿ ಮೇಲೆ ಪುಟಾಣಿ ಹಿಟ್ಟು ಧಾರಾಳವಾಗಿ ಉದುರಿಸಿ, ಶೇಂಗಾ ಜಾಸ್ತಿ ಹಾಕಿ, ಉಳ್ಳಾಗಡ್ಡಿ, ಟೊಮೆಟೊ ಹಸಿಯಾಗೇ ಹಾಕಿ, ನಿಂಬೆ ಹಿಂಡಿ, ಮಿರ್ಚಿ ನಾಲ್ಕರ ಬದಲು ಒಂದಕ್ಕೆ ನಿಲ್ಲಿಸಿ.

ನಿಂಬೆಯನ್ನು ಒಲೆಯಿಂದ ಇಳಿಸಿದ ಮೇಲೆ ಹಿಂಡಬೇಕು, ವಿಟಮಿನ್ ಸಿ ಬಿಸಿಗೆ ಹಾಳಾಗುತ್ತದೆ. ಪುಂಡಿಪಲ್ಲೆ, ರಾಜಗಿರಿ, ಮೆಂತ್ಯ ಪಲ್ಲೆಯಲ್ಲಿರುವ ಕಬ್ಬಿಣಾಂಶ ಮೈಗೆ ಹತ್ತಬೇಕಾದರೂ ನಿಂಬೆಯಂಥ ಹುಳಿ ಜೊತೆಗಿರಬೇಕು. ಊಟ ಆದ ಕೂಡಲೇ ಚಹಾ ಕುಡಿದರೆ ಉಲ್ಟಾ, ಇದ್ದ ಕಬ್ಬಿಣವೂ ಸರಿಯಾಗಿ ಹತ್ತುವುದಿಲ್ಲ. ಒಂದು ಗಂಟೆ ತಡೆಯಿರಿ. ಹಣ್ಣು ಅಂದರೆ ಸೇಬೇ ಆಗಬೇಕಿಲ್ಲ. ಒಂದು ಪೇರಲ ಹಣ್ಣಿನಲ್ಲಿ ದಿನಕ್ಕೆ ಬೇಕಾದ್ದಕ್ಕಿಂತ ಜಾಸ್ತಿ ವಿಟಮಿನ್ ಸಿ ಇದೆ, ಸೇಬಿನಲ್ಲಿ ಅದರ ಒಂದು ಸಣ್ಣ ಪಾಲು ಮಾತ್ರ. ಆದರೂ ಪೇಷಂಟ್ ನೋಡೋಕೆ ಹೋಗುವಾಗ ಎಲ್ಲರೂ ಸೇಬೇ ಒಯ್ಯುತ್ತಾರೆ!

ಮೊಳಕೆ ಕಟ್ಟುವುದು ಹೇಗೆ (ನಮ್ಮ ಬಿಸಿಲಿಗೆ)

ಮೊಳಕೆ ಬಂದ ಕಾಳಿನಲ್ಲಿ ಸತು, ಕಬ್ಬಿಣ ಸುಲಭವಾಗಿ ಮೈಗೆ ಸಿಗುತ್ತವೆ, ಒಣ ಕಾಳಿನಲ್ಲಿ ಇರದ ವಿಟಮಿನ್ ಸಿ ಕೂಡ ಹುಟ್ಟುತ್ತದೆ. ಆದರೆ ಪುಸ್ತಕದಲ್ಲಿ ಬರೆದ ಹಾಗೆ 'ಎರಡು ದಿನ ಕಟ್ಟಿಡಿ' ಅಂದರೆ ರಾಯಚೂರಿನ ಏಪ್ರಿಲ್‌ನಲ್ಲಿ ಕಾಳು ಹಳಸಿ ವಾಸನೆ ಬರುತ್ತದೆ.

ರಾತ್ರಿ ಕಾಳು ತೊಳೆದು ನೆನೆಹಾಕಿ. ಮುಂಜಾನೆ ನೀರು ಬಸಿದು, ಇನ್ನೊಮ್ಮೆ ಕುಡಿಯುವ ನೀರಲ್ಲೇ ತೊಳೆದು, ತೆಳು ಬಿಳಿ ಬಟ್ಟೆಯಲ್ಲಿ ಸಡಿಲವಾಗಿ ಕಟ್ಟಿ ಮಣ್ಣಿನ ಮಡಕೆಯ ಪಕ್ಕ ಅಥವಾ ಮನೆಯ ತಂಪು ಮೂಲೆಯಲ್ಲಿ ತೂಗುಹಾಕಿ. ಮಧ್ಯಾಹ್ನ ಒಮ್ಮೆ ಬಿಚ್ಚಿ ತೊಳೆದು ಮತ್ತೆ ಕಟ್ಟಿ. ಬೇಸಿಗೆಯಲ್ಲಿ ಹೆಸರು, ಮಡಕಿ ಅದೇ ಸಂಜೆಗೆ ಸಣ್ಣ ಮೊಳಕೆ ಒಡೆಯುತ್ತವೆ, ಅಷ್ಟು ಸಾಕು. ಉದ್ದ ಬರಲಿ ಅಂತ ಕಾಯಬೇಡಿ. ಲೋಳೆ ಬಂದಿದ್ದರೆ ಎಮ್ಮೆಗೆ ಹಾಕಿ.

ಮೊಳಕೆಕಾಳನ್ನು ಹಸಿಯಾಗಿ ತಿನ್ನುವುದೇ ಆರೋಗ್ಯ ಅಂತ ಒಂದು ನಂಬಿಕೆ ಇದೆ. ಮೊಳಕೆ ಬರುವ ಬೆಚ್ಚಗಿನ ತೇವದಲ್ಲೇ ರೋಗಾಣುಗಳೂ ಬೆಳೆಯುತ್ತವೆ. ಮಕ್ಕಳಿಗೆ, ಬಸುರಿಯರಿಗೆ, ವಯಸ್ಸಾದವರಿಗೆ ಕೊಡುವುದಾದರೆ ಚೆನ್ನಾಗಿ ಬೇಯಿಸಿಯೇ ಕೊಡಿ. ರೊಟ್ಟಿ ಜೊತೆ ಮೊಳಕೆಕಾಳಿನ ಪಲ್ಯ ಇದ್ದೇ ಇದೆಯಲ್ಲ.

ಎರಡನೇ ಹೆಜ್ಜೆ: ನೀರಿನ ಎರಡು ತೊಂದರೆ ಬೇರೆ ಬೇರೆ ಅಂತ ತಿಳಿಯಿರಿ

ತಿಂದದ್ದು ಮೈಗೆ ಹತ್ತಬೇಕಾದರೆ ಹೊಟ್ಟೆ ನೆಟ್ಟಗಿರಬೇಕು. ಪದೇ ಪದೇ ಭೇದಿಯಾಗುವ ಮಗುವಿಗೆ ಏನು ತಿನ್ನಿಸಿದರೂ ಸೋರಿಹೋಗುತ್ತದೆ. 2022ರಲ್ಲಿ ರಾಯಚೂರು ನಗರದಲ್ಲಿ ಕಲುಷಿತ ನೀರು ಕುಡಿದು ಜನ ಸತ್ತದ್ದು ಇಲ್ಲಿಯವರು ಮರೆತಿಲ್ಲ.

ಒಂದು ತೊಂದರೆ ರೋಗಾಣು. ಇದಕ್ಕೆ ಕುದಿಸುವುದೇ ಮದ್ದು. ಬರೀ ಬಿಸಿ ಮಾಡಿದರೆ ಸಾಲದು, ನೀರು ಕೊತಕೊತ ಅಂತ ಒಂದು ನಿಮಿಷ ಕುದಿಯಬೇಕು. ಅದೇ ಪಾತ್ರೆಯಲ್ಲಿ ಆರಿಸಿ, ಮುಚ್ಚಿಟ್ಟು, ಉದ್ದ ಹಿಡಿಕೆಯ ಸೌಟಿನಿಂದ ತೆಗೆಯಿರಿ. ಕುದಿಸಿದ ನೀರಿಗೆ ಕೈ ಅದ್ದಿ ಲೋಟ ತುಂಬಿದರೆ ಕುದಿಸಿದ್ದೇ ದಂಡ.

ಇನ್ನೊಂದು ಫ್ಲೋರೈಡ್. ರಾಯಚೂರು, ಕೊಪ್ಪಳ, ಬಳ್ಳಾರಿಯ ಎಷ್ಟೋ ಹಳ್ಳಿಗಳ ಬೋರ್‌ವೆಲ್ ನೀರಲ್ಲಿ ಇದು ಜಾಸ್ತಿ ಇದೆ. ಕುದಿಸಿದರೆ ಇದು ಹೋಗುವುದಿಲ್ಲ, ನೀರು ಆವಿಯಾಗಿ ಉಳಿದದ್ದರಲ್ಲಿ ಇನ್ನಷ್ಟು ಗಟ್ಟಿಯಾಗುತ್ತದೆ. ಇಂಥ ಊರಲ್ಲಿ ಕುಡಿಯೋಕೆ, ಅಡುಗೆಗೆ ಶುದ್ಧ ನೀರಿನ ಘಟಕದ ನೀರೇ ಬೇಕು. ಘಟಕದ ನೀರು ತರುವ ಕ್ಯಾನ್ ಒಳಗೆ ಒಮ್ಮೆ ಬ್ಯಾಟರಿ ಬೆಳಕು ಬಿಟ್ಟು ನೋಡಿ. ಹಸಿರು ಪಾಚಿ ಕಂಡರೆ ನೀರಿಗೆ ಕೊಟ್ಟ ದುಡ್ಡು ವ್ಯರ್ಥ. ವಾರಕ್ಕೊಮ್ಮೆ ಸೋಪಿನ ನೀರು ಹಾಕಿ ಕುಲುಕಿ ತೊಳೆದು ಬಿಸಿಲಿಗಿಡಿ, ಬಿಸಿಲಿಗೇನು ಇಲ್ಲಿ ಬರ ಇಲ್ಲ.

ಮಗುವಿಗೆ ಭೇದಿಯಾದರೆ ಓಆರ್‌ಎಸ್ ಜೊತೆ 14 ದಿನದ ಸತುವಿನ ಮಾತ್ರೆ ಕೇಳಿ ಪಡೆಯಿರಿ. ಆಶಾ ಕಾರ್ಯಕರ್ತೆಯರ ಹತ್ತಿರ ಪುಕ್ಕಟೆ ಸಿಗುತ್ತವೆ. ಮೂರನೇ ದಿನಕ್ಕೆ ಭೇದಿ ನಿಂತಿತು ಅಂತ ಮಾತ್ರೆಯನ್ನೂ ನಿಲ್ಲಿಸುವವರೇ ಜಾಸ್ತಿ. ಹದಿನಾಲ್ಕೂ ಮುಗಿಸಿದರೆ ಮುಂದಿನ ಕೆಲವು ತಿಂಗಳು ಮತ್ತೆ ಭೇದಿಯಾಗುವ ಸಂಭವ ಕಡಿಮೆ.

ಮೂರನೇ ಹೆಜ್ಜೆ: ದೂಳು, ಹೊಗೆ

ಸಂಡೂರು, ತೋರಣಗಲ್ಲು ಕಡೆ ಅದಿರಿನ ಲಾರಿ ಹಿಂದೆ ಬೈಕಲ್ಲಿ ಹೋದವರಿಗೆ ಕೆಂಪು ಕರವಸ್ತ್ರದ ಬಗ್ಗೆ ಹೇಳಬೇಕಾಗಿಲ್ಲ. ಶಕ್ತಿನಗರದ ಕಡೆ ಉಷ್ಣವಿದ್ಯುತ್ ಸ್ಥಾವರದ ಹಾರುಬೂದಿ. ಕಲ್ಲು ಕ್ವಾರಿ, ಕ್ರಷರ್, ಭತ್ತದ ರಾಶಿ, ಹತ್ತಿ ಜಿನ್ನಿಂಗ್, ಎಲ್ಲ ಕಡೆ ಒಂದಲ್ಲ ಒಂದು ದೂಳು.

ನಮ್ಮ ಶ್ವಾಸನಾಳದ ಒಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ರೋಮಗಳಿವೆ. ಅವು ಲೋಳೆಯ ಜೊತೆ ದೂಳು, ರೋಗಾಣುಗಳನ್ನು ಮೇಲಕ್ಕೆ ತಳ್ಳಿ ಹೊರಹಾಕುತ್ತಿರುತ್ತವೆ. ಬೀಡಿ, ಸಿಗರೇಟು, ಒಲೆಯ ಹೊಗೆ ಈ ರೋಮಗಳನ್ನೇ ಕೆಡಿಸುತ್ತದೆ. ಕಲ್ಲಿನ ಸಣ್ಣ ದೂಳು ಇನ್ನೂ ಕೆಟ್ಟದ್ದು, ಶ್ವಾಸಕೋಶದ ಆಳಕ್ಕೆ ಇಳಿದು ಅಲ್ಲಿಯ ಕಾವಲು ಕಣಗಳನ್ನು ಕೊಲ್ಲುತ್ತದೆ. ಕ್ವಾರಿ ಕೆಲಸದವರಿಗೆ ಟಿ.ಬಿ. ಜಾಸ್ತಿ ಬರುವುದು ಇದೇ ಕಾರಣಕ್ಕೆ.

ಟವೆಲ್ ಸುತ್ತಿಕೊಂಡರೆ ದಪ್ಪ ದೂಳು ಮಾತ್ರ ನಿಲ್ಲುತ್ತದೆ, ಸಣ್ಣದು ಒಳಗೆ ಹೋಗೇ ಹೋಗುತ್ತದೆ. ಕ್ರಷರ್, ಗಣಿ ಕೆಲಸಕ್ಕೆ ಎನ್-95 ಮಾಸ್ಕ್ ಬೇಕು, ಅದನ್ನು ಕೊಡಿಸುವುದು ಮಾಲೀಕರ ಕೆಲಸ, ಕೇಳೋಕೆ ಸಂಕೋಚ ಬೇಡ. ಮನೆಯಲ್ಲಿ ನೀರು ಚಿಮುಕಿಸಿ ಗುಡಿಸಿ ಅಥವಾ ಒದ್ದೆ ಬಟ್ಟೆಯಿಂದ ಒರೆಸಿ. ಕೆಲಸದ ಬಟ್ಟೆಯನ್ನು ಮನೆಯೊಳಗೆ, ಮಕ್ಕಳ ಪಕ್ಕ ಜಾಡಿಸಬೇಡಿ. ಬೀಡಿ ಬಗ್ಗೆ ಹೊಸದಾಗಿ ಹೇಳುವುದು ಏನೂ ಉಳಿದಿಲ್ಲ.

ನಾಲ್ಕನೇ ಹೆಜ್ಜೆ: ನಿದ್ದೆ

2015ರಲ್ಲಿ ಅಮೆರಿಕದಲ್ಲಿ ಒಂದು ವಿಚಿತ್ರ ಪ್ರಯೋಗದ ಫಲಿತಾಂಶ ಬಂತು. 164 ಜನ ಆರೋಗ್ಯವಂತರು ಎಷ್ಟು ನಿದ್ದೆ ಮಾಡುತ್ತಾರೆ ಅಂತ ಮೊದಲು ಅಳೆದು, ಆಮೇಲೆ ಎಲ್ಲರ ಮೂಗಿಗೂ ನೆಗಡಿಯ ವೈರಾಣು ಬಿಟ್ಟರು. ಏಳು ತಾಸಿಗಿಂತ ಜಾಸ್ತಿ ಮಲಗಿದವರಿಗೆ ಹೋಲಿಸಿದರೆ ಆರು ತಾಸಿಗಿಂತ ಕಡಿಮೆ ಮಲಗಿದವರಿಗೆ ನೆಗಡಿ ಹತ್ತುವ ಸಂಭವ ನಾಲ್ಕು ಪಟ್ಟು ಜಾಸ್ತಿ ಇತ್ತು.

ನಮ್ಮಲ್ಲಿ ಮೇ ತಿಂಗಳ ರಾತ್ರಿ ಏಳು ತಾಸು ಮಲಗುವುದು ಅಂದರೆ ಸಾಧನೆಯೇ. ಆರ್‌ಸಿಸಿ ಛಾವಣಿ ದಿನವಿಡೀ ಕಾದು ರಾತ್ರಿಯೆಲ್ಲ ಬಿಸಿ ಬಿಡುತ್ತಿರುತ್ತದೆ. ಮಾಳಿಗೆ ಮೇಲೆ ಬಿಳಿ ಸುಣ್ಣ ಬಳಿಸಿ, ಕೋಣೆಯ ಬಿಸಿ ಇಳಿಯುತ್ತದೆ. ಸಂಜೆ ಮಾಳಿಗೆಗೆ ನೀರು ಹೊಡೆದು ಅಲ್ಲೇ ಮಲಗುವ ಪದ್ಧತಿ ಒಳ್ಳೆಯದೇ, ಸೊಳ್ಳೆ ಪರದೆ ಮಾತ್ರ ಬಿಡಬೇಡಿ. ಮಲಗುವ ಮುಂಚೆ ತಣ್ಣೀರು ಸ್ನಾನ. ತೋರಣಗಲ್ಲಿನ ಕಾರ್ಖಾನೆಗಳಲ್ಲಿ ನೈಟ್ ಶಿಫ್ಟ್ ಮಾಡುವವರು ಬೆಳಗ್ಗೆ ಬಂದು ಕಿಟಕಿಗೆ ಕಪ್ಪು ಪರದೆ ಹಾಕಿ ಮಲಗಲಿ, ಆ ಹೊತ್ತಿಗೆ 'ಸ್ವಲ್ಪ ಸಂತೆಗೆ ಹೋಗಿ ಬಾರಪ್ಪ' ಅಂತ ಎಬ್ಬಿಸುವ ಮನೆಯವರೂ ಇದನ್ನು ಓದಲಿ. ಸೆಕೆಗೆ ನಿದ್ದೆ ಬರ್ತಿಲ್ಲ ಅಂತ ಮೊಬೈಲ್ ಹಿಡಿದರೆ ಎರಡು ಗಂಟೆಯವರೆಗೆ ರೀಲ್ಸ್ ಓಡುತ್ತದೆ, ಆಮೇಲೆ ಸೆಕೆಯ ಮೇಲೆ ತಪ್ಪು ಹೊರಿಸುತ್ತೇವೆ ಅಲ್ವಾ?

ಐದನೇ ಹೆಜ್ಜೆ: ನಡಿಗೆ, ಬಿಸಿಲು

ವಾರಕ್ಕೆ ಕನಿಷ್ಠ 150 ನಿಮಿಷ ಬಿರುಸಾಗಿ ನಡೆಯಿರಿ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ನಾಟಿ ಹಚ್ಚುವವರಿಗೆ, ಹತ್ತಿ ಬಿಡಿಸುವವರಿಗೆ ಇದು ಹೇಳುವ ಮಾತಲ್ಲ. ಅಂಗಡಿ ಗಲ್ಲಾದಲ್ಲಿ, ಆಫೀಸಿನಲ್ಲಿ, ಬಳ್ಳಾರಿಯ ಜೀನ್ಸ್ ಘಟಕದ ಮಷಿನ್ ಮುಂದೆ ದಿನಪೂರ್ತಿ ಕೂರುವವರಿಗೆ. ಬೇಸಿಗೆಯಲ್ಲಿ ಏಳು ಗಂಟೆಯೊಳಗೆ ಮುಗಿಸಿ.

ವಿಟಮಿನ್ ಡಿ ವಿಷಯದಲ್ಲಿ ಎಳೆಬಿಸಿಲು ಅಷ್ಟು ಉಪಯೋಗಕ್ಕೆ ಬರುವುದಿಲ್ಲ. ನಿಮ್ಮ ನೆರಳು ನಿಮಗಿಂತ ಗಿಡ್ಡ ಇರುವಾಗಿನ ಬಿಸಿಲು ಕೆಲಸಕ್ಕೆ ಬರುತ್ತದೆ. ಬೇಸಿಗೆಯಲ್ಲಿ ಇದು ಒಂಬತ್ತೂಕಾಲು, ಒಂಬತ್ತೂವರೆಗೇ ಆಗುತ್ತದೆ, ಆಗ ಕೈಕಾಲಿಗೆ ಸ್ವಲ್ಪ ಹೊತ್ತು ಬಿದ್ದರೆ ಸಾಕು. ಮಧ್ಯಾಹ್ನದ ಬಿಸಿಲಿಗೆ ಹೋಗಬೇಡಿ.

ಆರನೇ ಹೆಜ್ಜೆ: ಶುಗರ್, ಸೂಜಿ, ಕಷಾಯ

ಶುಗರ್ ಏರಿದ್ದರೆ ಬಿಳಿ ರಕ್ತಕಣಗಳು ಸರಿಯಾಗಿ ಕೆಲಸ ಮಾಡುವುದಿಲ್ಲ. ಗಾಯ ಮಾಯುವುದಿಲ್ಲ, ಟಿ.ಬಿ. ಬರುವ ಸಂಭವ ಎರಡು ಮೂರು ಪಟ್ಟು ಜಾಸ್ತಿ. 30 ದಾಟಿದವರಿಗೆ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಶುಗರ್, ಬಿಪಿ ಪರೀಕ್ಷೆ ಪುಕ್ಕಟೆ.

ಮೈಕೈ ನೋವು ಅಂತ ಹೋದರೆ 'ಸೂಜಿ ಮಾಡ್ರಿ ಡಾಕ್ಟ್ರೇ' ಅನ್ನೋದು ನಮ್ಮ ಕಡೆಯ ರೂಢಿ. ಒಂದೇ ಸೂಜಿಗೆ ಜಾದೂ ಆದ ಹಾಗೆ ನೋವು ಹೋಯಿತೆಂದರೆ ಅದರಲ್ಲಿ ಸ್ಟೆರಾಯ್ಡ್ ಇರಬಹುದು. ಪದೇ ಪದೇ ತೆಗೆದುಕೊಂಡರೆ ಅದು ರೋಗನಿರೋಧಕ ಶಕ್ತಿಯನ್ನೇ ತಗ್ಗಿಸುತ್ತದೆ, ಶುಗರನ್ನೂ ಏರಿಸುತ್ತದೆ. ಏನು ಸೂಜಿ ಅಂತ ಕೇಳಿ, ಚೀಟಿಯಲ್ಲಿ ಬರೆಸಿಕೊಳ್ಳಿ. ಬೇರೆ ಕಾಯಿಲೆಗೆ ಡಾಕ್ಟರು ಬರೆದುಕೊಟ್ಟ ಸ್ಟೆರಾಯ್ಡ್ ಮಾತ್ರೆಯನ್ನು ಮಾತ್ರ ತಾವಾಗಿ ನಿಲ್ಲಿಸಬೇಡಿ, ಅದೂ ಅಪಾಯ.

ಶುಂಠಿ, ಮೆಣಸಿನ ಕಷಾಯ ಗಂಟಲಿಗೆ ಹಿತ, ಕುಡಿಯಿರಿ. ಅಮೃತಬಳ್ಳಿಯನ್ನು ತಿಂಗಳುಗಟ್ಟಲೆ ಕುಡಿದು ಲಿವರ್ ತೊಂದರೆ ಆದವರನ್ನು ಕೋವಿಡ್ ಕಾಲದಲ್ಲಿ ಮುಂಬೈನ ವೈದ್ಯರು ಕಂಡಿದ್ದಾರೆ. ಗಿಡದ್ದು ಅಂದ ಮಾತ್ರಕ್ಕೆ ಎಷ್ಟಾದರೂ ಕುಡಿಯಬಹುದು ಅಂತಲ್ಲ.

ಏಳನೇ ಹೆಜ್ಜೆ: ತಾಯಿ ಕಾರ್ಡ್ ಬಟ್ಟೆ ಗಂಟಿನಲ್ಲಿ ಕಟ್ಟಿಕೊಳ್ಳಿ

ಒಂದು ನಿರ್ದಿಷ್ಟ ರೋಗದ ವಿರುದ್ಧ ರೋಗನಿರೋಧಕ ಶಕ್ತಿ ಕೊಡುವ ವಸ್ತು ಅಂದರೆ ಲಸಿಕೆ. ರಾಯಚೂರು, ಕೊಪ್ಪಳದ ಹಳ್ಳಿಗಳಿಂದ ಬೆಂಗಳೂರು, ಪುಣೆ, ಗೋವಾಕ್ಕೆ ಗುಳೆ ಹೋಗುವ ಮನೆಗಳ ಮಕ್ಕಳಿಗೆ ತಪ್ಪುವುದು ಇದೇ. ಹುಟ್ಟಿದಾಗಿನದು, ಆರು, ಹತ್ತು, ಹದಿನಾಲ್ಕು ವಾರದ್ದು ಹಾಕಿಸಿರುತ್ತಾರೆ, ಒಂಬತ್ತು ತಿಂಗಳಿನ ದಡಾರ-ರುಬೆಲ್ಲಾ ಹೊತ್ತಿಗೆ ಊರು ಬಿಟ್ಟಿರುತ್ತಾರೆ. ಹೋದ ಊರಿನ ಸರ್ಕಾರಿ ಆಸ್ಪತ್ರೆಯಲ್ಲೂ ಲಸಿಕೆ ಪುಕ್ಕಟೆ ಹಾಕುತ್ತಾರೆ. ಬಟ್ಟೆಬರೆ ಗಂಟಿನ ಜೊತೆ ಲಸಿಕೆಯ ವಿವರ ಬರೆದ ತಾಯಿ ಕಾರ್ಡೂ ಇರಲಿ, ಅದರ ಎರಡೂ ಬದಿಯ ಫೋಟೊ ಮೊಬೈಲಲ್ಲಿ ಇರಲಿ. ಮಕ್ಕಳಿಗೆ 10 ಮತ್ತು 16 ವರ್ಷಕ್ಕೆ ಟಿಡಿ (ಧನುರ್ವಾಯು, ಗಂಟಲಮಾರಿ) ಲಸಿಕೆ ಇದೆ, ಇದನ್ನು ಹೆಚ್ಚಿನವರು ಮರೆಯುತ್ತಾರೆ. ಶುಗರ್ ಇದ್ದವರು, 60 ದಾಟಿದವರು ವರ್ಷಕ್ಕೊಮ್ಮೆ ಹಾಕುವ ಫ್ಲೂ ಲಸಿಕೆ ಬಗ್ಗೆ ಡಾಕ್ಟರನ್ನು ಕೇಳಿ.

ಇಷ್ಟೆಲ್ಲ ಮಾಡಿದರೂ ವರ್ಷಕ್ಕೆ ಎರಡು ಮೂರು ಸಲ ನೆಗಡಿ ಬರುತ್ತದೆ. ಅದು ಸಹಜ, ಅದಕ್ಕೆ ಆಂಟಿಬಯೋಟಿಕ್ ಕೆಲಸ ಮಾಡುವುದಿಲ್ಲ, ಮೆಡಿಕಲ್ ಶಾಪಿನಲ್ಲಿ ಕೇಳಿ ನುಂಗಬೇಡಿ. ಆದರೆ ಎರಡು ವಾರ ದಾಟಿದ ಕೆಮ್ಮು, ಕಾರಣ ಇಲ್ಲದೆ ತೂಕ ಇಳಿಯುವುದು, ಸಂಜೆ ಸಂಜೆ ಜ್ವರ, ಇವನ್ನು ಕಡೆಗಣಿಸಬೇಡಿ, ಟಿ.ಬಿ. ಇರಬಹುದು. ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ಕಫ ಪರೀಕ್ಷೆ ಪುಕ್ಕಟೆ. ಹಿಂದಿನ ದಿನವೇ ಅಲ್ಲಿಂದ ಡಬ್ಬಿ ತಂದಿಟ್ಟುಕೊಳ್ಳಿ, ಮುಂಜಾನೆ ಎದ್ದ ಕೂಡಲೇ ಬಾಯಿ ಮುಕ್ಕಳಿಸಿ, ಎದೆಯಾಳದಿಂದ ಕೆಮ್ಮಿ ಬಂದ ಕಫವನ್ನು ತುಂಬಿ ಒಯ್ಯಿರಿ. ಬರೀ ಉಗುಳು ಒಯ್ದರೆ ಪರೀಕ್ಷೆಯಲ್ಲಿ ಏನೂ ಸಿಗುವುದಿಲ್ಲ.