ಹತ್ತು ಅಡಿಯದೋ ಹದಿನಾಲ್ಕು ಅಡಿಯದೋ? ಅಲ್ಯುಮಿನಿಯಂ ದೋಣಿ ಆರಿಸುವುದು ಹೀಗೆ

ಮೀನು ಹಿಡಿಯಲು ಹರಿಗೋಲು ಬಿಟ್ಟು ಅಲ್ಯುಮಿನಿಯಂ ದೋಣಿ ಕೊಳ್ಳಬೇಕು ಎನ್ನುವವರು ಮೊದಲು ರೇಟು ಕೇಳುತ್ತಾರೆ. ಅದಕ್ಕಿಂತ ಮೊದಲು ನೀವು ಇಳಿಯುವ ನೀರನ್ನು ನೋಡಿ.

ವರದಾ ನದಿ ಬೇಸಿಗೆಯಲ್ಲಿ ಅಲ್ಲಲ್ಲಿ ಮಡುವಾಗಿ ನಿಲ್ಲುತ್ತದೆ. ಒಂದು ಮಡುವಿನಿಂದ ಇನ್ನೊಂದಕ್ಕೆ ಉಸುಕಿನ ಮೇಲೆ ದೋಣಿ ಎಳೆಯಬೇಕು. ಅಲ್ಲಿಗೆ ಹತ್ತು ಅಡಿಯ, ಚಪ್ಪಟೆ ತಳದ ದೋಣಿಯೇ ಸರಿ. ಮೊಣಕಾಲುದ್ದ ನೀರಲ್ಲೂ ತೇಲುತ್ತದೆ. ವರದಾ ತುಂಗಭದ್ರೆಯನ್ನು ಕೂಡುವ ಗಳಗನಾಥದ ಮಾತು ಬೇರೆ. ಗಾಳಿ ಎದ್ದರೆ ಹಗುರ ದೋಣಿ ಪಕ್ಕಕ್ಕೆ ಸರಿಯುತ್ತದೆ, ಚಪ್ಪಟೆ ತಳಕ್ಕೆ ಅಲೆ ಬಡಿಯುತ್ತದೆ. ಅಲ್ಲಿ ಹದಿನಾಲ್ಕು ಅಡಿಯದು, ಮೂತಿ ಚೂಪಾಗಿರುವುದು ಬೇಕು. ಹೊಳೆ ತುಂಬಿ ಬಂದಾಗ ಮಾತ್ರ ಎರಡನ್ನೂ ಇಳಿಸಬೇಡಿ.

ಎರಡನೆಯದು, ಎತ್ತುವ ಕೈಗಳ ಲೆಕ್ಕ. ಚಿಕ್ಕದು ಸುಮಾರು 50 ಕಿಲೊ. ಇಬ್ಬರು ದಂಡೆಗೆ ತರಬಹುದು. ದೊಡ್ಡದು ಬರೀ ಮೈಯೇ ನೂರರ ಆಚೀಚೆ, ಎಂಜಿನ್ ಕೂಡಿದರೆ ಇನ್ನೂ ಹೆಚ್ಚು. ಚೌಡದಾನಪುರದ ಗುಡಿ ಹತ್ತಿರದ ದಂಡೆಯಲ್ಲಿ ಹಿರಿಯರೊಬ್ಬರು ನನಗೆ ಅಂದಿದ್ದರು: ‘ತಮ್ಮಾ, ನೀರಿಗೆ ಬಿಡೂದು ಸಸಾರ, ಮ್ಯಾಲೆ ತರೂದು ವಜ್ಜೆ ನೋಡು.’ ನಸುಕಿನಲ್ಲಿ ನಿಮ್ಮ ಜೊತೆ ನಾಲ್ಕು ಜನ ಇರುತ್ತಾರೆಯೇ?

ಮೂರನೆಯದು, ಎಷ್ಟು ಜನ ಹತ್ತುತ್ತೀರಿ? ಉದ್ದ, ಅಗಲಗಳನ್ನು ಅಡಿಯಲ್ಲಿ ಗುಣಿಸಿ 15ರಿಂದ ಭಾಗಿಸಿ. 10 ಅಡಿ ಉದ್ದ, 4 ಅಡಿ ಅಗಲದ್ದು ಎರಡೂವರೆ ಚಿಲ್ಲರೆ, ಅಂದರೆ ಇಬ್ಬರೇ. 14 ಅಡಿ ಉದ್ದ, 5 ಅಡಿ ಅಗಲದ್ದು ನಾಲ್ವರು. ಚಿಲ್ಲರೆಯನ್ನು ಮೇಲಕ್ಕೆ ಹಿಡಿಯಬೇಡಿ. ಈ ಲೆಕ್ಕವೂ ಗಾಳಿ ಇಲ್ಲದ ನೀರಿಗೆ ಮಾತ್ರ.

ಲೆಕ್ಕಕ್ಕಿಂತ ನನಗೆ ನಂಬಿಕೆ ಇರುವುದು ಕ್ಯಾನಿನ ಪರೀಕ್ಷೆಯಲ್ಲಿ. 20 ಲೀಟರಿನ ನೀರಿನ ಕ್ಯಾನು ಅಂದರೆ ಹೆಚ್ಚುಕಡಿಮೆ 20 ಕಿಲೊ. ಸೊಂಟದುದ್ದ ನೀರಿನಲ್ಲಿ ದೋಣಿ ನಿಲ್ಲಿಸಿ, ಇಬ್ಬರು ಕುಳಿತು, ಒದ್ದೆ ಬಲೆ ಮತ್ತು ಮೀನಿನ ಭಾರಕ್ಕೆ ತಕ್ಕಷ್ಟು ಕ್ಯಾನು ಇಡಿ. ನೀರಿನಿಂದ ಅಂಚಿನವರೆಗೆ ಗೇಣು ಹಾಕಿ. ಆಮೇಲೆ ಒಬ್ಬರು ಬಲೆ ಎಳೆಯುವ ಹಾಗೆ ಅಂಚಿಗೆ ಬಾಗಲಿ. ಆ ಬದಿಯಲ್ಲಿ ಅರ್ಧ ಗೇಣೂ ಉಳಿಯದಿದ್ದರೆ ಆ ದೋಣಿ ನಿಮಗಲ್ಲ, ದೊಡ್ಡದನ್ನು ನೋಡಿ. ಪರೀಕ್ಷೆಗೆ ಇಳಿದಾಗಲೂ ಲೈಫ್ ಜಾಕೆಟ್ ಮೈಮೇಲಿರಲಿ.

ಅಲ್ಯುಮಿನಿಯಂ ಕಬ್ಬಿಣದ ಮೂರನೇ ಒಂದರಷ್ಟು ಭಾರವಿದ್ದರೂ ನೀರು ತುಂಬಿದರೆ ಮುಳುಗುತ್ತದೆ. ಸೀಟಿನ ಕೆಳಗೆ ದೋಣಿಯನ್ನು ತೇಲಿಸುವ ಫೋಮ್ ತುಂಬಿದ್ದಾರೆಯೇ ಕೇಳಿ. ತಾಮ್ರದ ತಂತಿ, ಕಬ್ಬಿಣದ ಬೋಲ್ಟು ಒದ್ದೆ ತಗಡಿಗೆ ತಾಗಿಕೊಂಡೇ ಇದ್ದರೆ ಅಲ್ಲಿ ತಗಡು ತಿಂದುಹೋಗುತ್ತದೆ.

ಹಳೆಯದನ್ನು ಕೊಳ್ಳುವುದಾದರೆ ಎರಡು ದಿಮ್ಮಿಯ ಮೇಲೆ ದೋಣಿ ಕೂಡಿಸಿ, ಒಳಗೆ ನಾಲ್ಕೈದು ಕೊಡ ನೀರು ಸುರಿದು, ಕೆಳಗೆ ಬಗ್ಗಿ ತಗಡು ಜೋಡಿಸಿರುವ ಮೊಳೆ, ಅಂದರೆ ರಿವೆಟ್‌ಗಳನ್ನು ಒಂದೊಂದಾಗಿ ನೋಡಿ. ಹನಿ ಕಂಡಲ್ಲೆಲ್ಲ ಸುತ್ತ ಒರೆಸಿ ಮಾರ್ಕರಿನಿಂದ ಗುರುತು ಹಾಕಿ, ದುಡ್ಡು ಕೊಡುವ ಮೊದಲೇ ಅದನ್ನೆಲ್ಲ ಬಿಗಿ ಮಾಡಿಸಿಕೊಳ್ಳಿ.