ಕಡಲಾಮೆ ಇರೋ ಬೆಳ್ಳಿ: ಹಳೇ ಗ್ರೀಕ್ ನಾಣ್ಯ ಕೂಡಿಸೋಕೆ ಶುರು ಮಾಡೋರಿಗೆ

ಕಾರವಾರದ ದಂಡೆಗೆ ಕಡಲಾಮೆ ಬಂದು ಮೊಟ್ಟೆ ಇಟ್ಟು ಹೋಗೋದು ನಮಗೆ ಹೊಸದಲ್ಲ. ಅಂಥದೇ ಒಂದು ಆಮೆನ ಗ್ರೀಸಿನ ಈಜೈನಾ ದ್ವೀಪದವರು ಸುಮಾರು 2500 ವರ್ಷದ ಹಿಂದೆ ತಮ್ಮ ಬೆಳ್ಳಿ ನಾಣ್ಯದ ಮೇಲೆ ಹೊಡೆಸಿದ್ರು, ಅದರ ಫೋಟೋ ನೋಡಿದ ದಿನದಿಂದ ನನಗೆ ಈ ಹುಚ್ಚು ಹಿಡಿದಿದ್ದು. ಹೊಸಬರು ಯಾರೇ ಕೇಳಿದ್ರೂ ನಾನು ಹೇಳೋದು ಒಂದೇ, ಮೊದಲು ಊರು ಆರಿಸ್ಕೊಳ್ಳಿ, ನಾಣ್ಯ ಆಮೇಲೆ.

ಯಾಕಂದ್ರೆ ಅಲ್ಲಿ ಒಂದೊಂದು ಊರೂ ಒಂದೊಂದು ರಾಜ್ಯ ಇದ್ದಂಗೆ, ನಾಣ್ಯದ ಮೇಲೆ ರಾಜನ ಮುಖ ಅಲ್ಲ, ಊರಿನ ಗುರುತು. ಅಥೆನ್ಸಿಂದು ಒಂದು ಕಡೆ ಅಥೀನಾ ದೇವಿ, ಇನ್ನೊಂದು ಕಡೆ ಅವಳ ಗೂಬೆ, ಪಕ್ಕದಲ್ಲಿ ಆಲಿವ್ ಚಿಗುರು. ಕೊರಿಂಥ್‌ನವರದು ರೆಕ್ಕೆ ಕುದುರೆ. ಮೆಟಪಾಂಟಮ್ ಬೆಳೆಯಿಂದ ಸಿರಿವಂತ ಆದ ಊರು, ಅದಕ್ಕೆ ಬಾರ್ಲಿ ತೆನೆ. ರೋಡ್ಸ್‌ನವರು ಹೆಸರಲ್ಲೇ ಆಟ ಆಡಿದಾರೆ, ಗ್ರೀಕಲ್ಲಿ ರೋಡಾನ್ ಅಂದ್ರೆ ಗುಲಾಬಿ, ನಾಣ್ಯದಲ್ಲೂ ಗುಲಾಬಿ.

ಈಜೈನಾದ ಆಮೆನ ಲೆನ್ಸ್ ಹಿಡಿದು ನೋಡ್ಬೇಕು. ಹಳೇದರಲ್ಲಿ ಚಿಪ್ಪು ನುಣುಪು, ಬೆನ್ನ ಮೇಲೆ ಚುಕ್ಕಿ ಸಾಲು, ಕಾಲು ಈಜೋ ಹುಟ್ಟಿನಂಗೆ. ಆಮೇಲಿನದರಲ್ಲಿ ಚಿಪ್ಪಿನ ಮೇಲೆ ಗೆರೆ ಎಳೆದು ಮನೆಮನೆ ಮಾಡಿರುತ್ತೆ, ಅದು ನೆಲದಾಮೆ. ನಡುವೆ ಅಥೆನ್ಸ್ ಈ ದ್ವೀಪನ ಸೋಲಿಸ್ತು, ಕ್ರಿ.ಪೂ. 431ರಲ್ಲಿ ಜನನ್ನೇ ಊರು ಬಿಡಿಸ್ತು. ಸಮುದ್ರದ ಹಿಡಿತ ತಪ್ಪಿದ್ದಕ್ಕೇ ಕಡಲಾಮೆ ಹೋಗಿ ನೆಲದಾಮೆ ಬಂತು ಅಂತ ಹಲವರು ಓದ್ತಾರೆ, ನನಗೂ ಅದೇ ಸರಿ ಅನ್ಸುತ್ತೆ.

ಕೊಳ್ಳೋ ಮೊದಲು ತೂಕ. ಅಕ್ಕಸಾಲಿಗರ ಹತ್ರ ಇರೋ ಥರದ, 0.01 ಗ್ರಾಂ ತೋರ್ಸೋ ಸಣ್ಣ ತಕ್ಕಡಿ ಸಾಕು. ಅಥೆನ್ಸಿನ ದೊಡ್ಡ ಗೂಬೆ ನಾಣ್ಯ ಸುಮಾರು 17 ಗ್ರಾಂ, ಈಜೈನಾದ ಆಮೆ ಇರೋ ಸ್ಟೇಟರ್ ಅನ್ನೋ ನಾಣ್ಯ ಸುಮಾರು 12, ಅಥೆನ್ಸಿನ ಒಬೋಲ್ ಅನ್ನೋ ಪುಟ್ಟ ನಾಣ್ಯ 0.7 ಅಷ್ಟೇ. ತೂಕ ಸರಿ ಬಂತು ಅಂತ ಅಸಲಿ ಅಂದ್ಕೋಬೇಡಿ, ಅಂಚು ನೋಡಿ, ಸುತ್ತ ಗೆರೆ ಇದ್ರೆ ಅಥವಾ ಮೈಮೇಲೆ ಸಣ್ಣ ಗುಳ್ಳೆ ಗುಂಡಿ ಕಂಡ್ರೆ ಅದು ಎರಕ ಹೊಯ್ದಿದ್ದು. ಅಸಲಿ ಸುತ್ತಿಗೆ ಪೆಟ್ಟಿಂದಾದದ್ದು, ಅಂಚು ಸೀಳಿರ್ಬಹುದು, ಚಿತ್ರ ಒಂದು ಕಡೆ ಸರಿದಿರ್ಬಹುದು. ಎರಡು ನಾಣ್ಯದಲ್ಲಿ ಒಂದೇ ಜಾಗದಲ್ಲಿ ಒಂದೇ ಥರ ಗೀರು ಇದ್ರೆ ಎರಡೂ ಒಂದೇ ಅಚ್ಚಿನ ನಕಲು ಇರ್ಬಹುದು, ಎರಡನ್ನೂ ಬಿಡಿ. ಗೂಬೆ ಮೇಲೆ ಉಳಿ ಹೊಡೆದ ಗಾಯ ಇದ್ರೆ ಮಾತ್ರ ಹೆದರ್ಬೇಡಿ, ಒಳಗೂ ಬೆಳ್ಳಿನೇನಾ ಅಂತ ಆ ಕಾಲದವರೇ ನೋಡಿದ್ದು.

ದುಡ್ಡು ಕಡಿಮೆ ಇದ್ರೆ ಭಾರತದ ವಾಯವ್ಯದಲ್ಲಿ ಆಳಿದ ಗ್ರೀಕ್ ರಾಜ, ನಮ್ಮವರು ಮಿಲಿಂದ ಅಂತ ಕರೆದ ಮಿನಾಂಡರನ ಡ್ರಾಕ್ಮ ಅನ್ನೋ ಸಣ್ಣ ಬೆಳ್ಳಿ ನಾಣ್ಯದಿಂದ ಶುರು ಮಾಡಿ, ಸುಮಾರು 2.4 ಗ್ರಾಂ. ಇದು ಊರಿನದಲ್ಲ ರಾಜನದು, ಆದ್ರೂ ಹಿಂದುಗಡೆ ಸಿಡಿಲು ಎಸೆಯೋ ಅದೇ ಅಥೀನಾ, ಒಂದು ಕಡೆ ಗ್ರೀಕ್ ಲಿಪಿ, ಇನ್ನೊಂದು ಕಡೆ ಆ ಕಡೆಯ ಹಳೇ ಲಿಪಿ ಖರೋಷ್ಠಿ.

ಉಜ್ಜಬೇಡಿ, ದಯವಿಟ್ಟು. ನಾನು ಮೊದಲ ಡ್ರಾಕ್ಮನ ದೇವರ ಪಾತ್ರೆ ತಿಕ್ಕಿದಂಗೆ ವಿಭೂತಿ ಹಾಕಿ ತಿಕ್ಕಿಬಿಟ್ಟೆ, ಫಳಫಳ ಹೊಳೀತು, ಆದ್ರೆ ರಾಜನ ಕೂದಲ ಎಳೆ ಹೋಯ್ತು, ಅದು ಮತ್ತೆ ಬರಲ್ಲ, ಇವತ್ತಿಗೂ ನೋವಿದೆ. ಹುಣಸೆಹಣ್ಣೂ ಬೇಡ. ನಮ್ಮ ಉಪ್ಪು ಗಾಳಿ, ಅದರ ಮೇಲೆ ಮಳೆಗಾಲ, ಬೆಳ್ಳಿ ಬೇಗ ಕಪ್ಪಾಗುತ್ತೆ, ಅದಕ್ಕೆ ಗಾಳಿಯಾಡದ ಡಬ್ಬಿಲಿ ಸಿಲಿಕಾ ಜೆಲ್ ಹಾಕಿಡಿ, ಮೆತ್ತನೆ ಪಿವಿಸಿ ಕವರ್ ಬೇಡ, ಅದು ಹಸಿರು ಅಂಟು ಬಿಡುತ್ತೆ.

ರಸೀದಿ ಇಲ್ದೆ ಕೊಳ್ಳಬೇಡಿ. ಹಳೇ ವಸ್ತುಗಳ 1972ರ ಕಾಯ್ದೆ ಪ್ರಕಾರ ನೂರು ವರ್ಷ ದಾಟಿದ ನಾಣ್ಯನ ನಾವು ಹೊರದೇಶಕ್ಕೆ ಕಳಿಸೋ ಹಾಗಿಲ್ಲ. ಶಿರಸಿ ಕಡೆ ತೋಟ ಅಗೆಯುವಾಗ ನಾಣ್ಯದ ಗಂಟು ಸಿಕ್ರೆ ಜಿಲ್ಲಾಧಿಕಾರಿಗೆ ತಿಳಿಸ್ಬೇಕು, ಅದಕ್ಕೆ ಕರ್ನಾಟಕದ್ದೇ 1962ರ ನಿಧಿ ಕಾಯ್ದೆ ಇದೆ.

ಕಾರವಾರದ ಕಡೆ ಸಿಕ್ಕ ಚುಟು ಅರಸರ ಸೀಸದ ನಾಣ್ಯದ ಚಿತ್ರನೂ ಹುಡುಕಿ ನೋಡಿ, ಒಂದು ಕಡೆ ಕಮಾನು ಕಮಾನಾದ ಬೆಟ್ಟ, ಇನ್ನೊಂದು ಕಡೆ ಬೇಲಿಯೊಳಗೆ ಮರ. ಅದರ ಪ್ರಿಂಟನ್ನ ನಾನು ಆಮೆ ಫೋಟೋ ಪಕ್ಕದಲ್ಲೇ ಅಂಟಿಸಿದೀನಿ.