ಚಾಪೆಯ ಉಸಿರು ಕೊಳದಲ್ಲಿ ನಡೆಯದು: ಪ್ರಯಾಣದಲ್ಲಿ ಯೋಗ, ಜೊತೆಗೆ ಈಜು

ಮನೆಯಲ್ಲಿ ಒಂದು ದಿನವೂ ತಪ್ಪದೆ ಆಸನ ಹಾಕುವವರು ಊರು ಬಿಟ್ಟ ಮೂರು ನಾಲ್ಕು ದಿನಕ್ಕೇ ಕೈಬಿಡುತ್ತಾರೆ. ಮನೆಯ ಒಂದೂವರೆ ಗಂಟೆಯ ಅಭ್ಯಾಸವನ್ನು ಹಾಗೆಯೇ ಹೋಟೆಲ್ ಕೋಣೆಗೆ ತರಲು ಹೋಗುವುದೇ ಇದಕ್ಕೆ ಕಾರಣ. ಅಷ್ಟು ಹೊತ್ತು ಸಿಗುವುದಿಲ್ಲ, ಸಿಗದಿದ್ದರೆ ಪೂರ್ತಿ ಬಿಡುತ್ತಾರೆ. ಹೋಟೆಲಿನಲ್ಲಿ ಕೊಳವಿದೆ, ಯೋಗದ ಬದಲು ಈಜೋಣ ಎಂದು ಇಳಿದವರ ಪಾಡು ಇನ್ನೂ ವಿಚಿತ್ರ. ಹತ್ತು ವರ್ಷ ಪ್ರಾಣಾಯಾಮ ಮಾಡಿದವರೂ ಹದಿನೈದು ಮೀಟರ್ ಹೋಗುವಷ್ಟರಲ್ಲಿ ಏದುಸಿರು ಬಿಡುತ್ತ ಅಂಚು ಹಿಡಿಯುತ್ತಾರೆ. ಇವೆರಡನ್ನೂ ಸರಿಪಡಿಸಬಹುದು. ಮೊದಲನೆಯದು ಸುಲಭ, ಎರಡನೆಯದಕ್ಕೆ ತಾಳ್ಮೆ ಬೇಕು.

ಚೀಲಕ್ಕೆ ಏನು

ಒಂದೂವರೆ ಮಿಲಿಮೀಟರ್ ದಪ್ಪದ, ಬಟ್ಟೆಯಂತೆ ಮಡಚಬಹುದಾದ ರಬ್ಬರ್ ಮ್ಯಾಟ್ ಒಂದು ಕೆ.ಜಿ. ಆಸುಪಾಸು ತೂಗುತ್ತದೆ, ಅದು ಸಾಕು. ಅರ್ಧ ಇಂಚಿನ ಮೆತ್ತನೆಯ ಫೋಮ್ ಮ್ಯಾಟ್ ಕೊಳ್ಳಲೇಬೇಡಿ. ಅಂಗೈ ಅದರೊಳಗೆ ಕುಸಿದು ಮಣಿಕಟ್ಟು ನೋಯುತ್ತದೆ, ನಿಂತು ಮಾಡುವ ಆಸನಗಳಲ್ಲಿ ಕಾಲು ಓಲಾಡುತ್ತದೆ, ಚೀಲದಲ್ಲೂ ಹಿಡಿಸದು. ಬೆರಳುಗಳಿರುವ 'ಯೋಗ ಸಾಕ್ಸ್' ಕೂಡ ದುಡ್ಡು ದಂಡ. ಮ್ಯಾಟ್ ಬೇಡವೆನ್ನುವವರು ತೆಳ್ಳನೆಯ ಹತ್ತಿ ಜಮಖಾನ ಒಯ್ಯಬಹುದು (ನವಲಗುಂದದ ಚಿತ್ತಾರದ ಜಮಖಾನವನ್ನು ಮನೆಯಲ್ಲೇ ಬಿಡಿ). ಹತ್ತಿ ಒಣಗಿದ್ದಾಗ ಜಾರುತ್ತದೆ, ತುಸು ತೇವವಾದರೆ ಹಿಡಿತ ಕೊಡುತ್ತದೆ. ಕೈ ಊರುವ ಜಾಗಕ್ಕೆ ನೀರು ಚಿಮುಕಿಸಿಕೊಳ್ಳಿ. ನಯವಾದ ಟೈಲ್ಸ್ ಮೇಲೆ ಹೋಟೆಲಿನ ಟವಲ್ ಹಾಸಿ ಅಧೋಮುಖ ಶ್ವಾನಾಸನಕ್ಕೆ ಹೋದರೆ ಮೂಗು ಜಜ್ಜಿಕೊಳ್ಳುವುದು ಖಂಡಿತ. ಯೋಗದ ಬೆಲ್ಟ್ ಬೇಡ, ಮಡಚಿದ ಪಂಚೆ ಆ ಕೆಲಸ ಮಾಡುತ್ತದೆ.

ಈಜಿಗೆ ನೈಲಾನ್ ಅಥವಾ ಲೈಕ್ರಾ ಕಾಸ್ಟ್ಯೂಮ್, ಕ್ಯಾಪ್, ಗಾಗಲ್ಸ್ ಬೇಕು. ಹತ್ತಿ ಬಟ್ಟೆಗೆ ಹೆಚ್ಚಿನ ಕೊಳಗಳಲ್ಲಿ ಪ್ರವೇಶವಿಲ್ಲ. ಗಾಗಲ್ಸ್ ಕೊಳ್ಳುವಾಗ ಪಟ್ಟಿ ಹಾಕದೆ ಕಣ್ಣಿಗೆ ಒತ್ತಿ ನೋಡಿ. ಎರಡು ಕ್ಷಣ ತಾನಾಗಿ ಅಂಟಿ ನಿಂತರೆ ನಿಮ್ಮ ಮುಖಕ್ಕೆ ಸರಿ, ಉದುರಿದರೆ ಪಟ್ಟಿ ಎಷ್ಟು ಬಿಗಿದರೂ ನೀರು ನುಗ್ಗುತ್ತದೆ. ಮೂಗಿನ ಕ್ಲಿಪ್ ತೆಗೆದುಕೊಳ್ಳಬೇಡಿ, ಏಕೆಂಬುದು ಮುಂದೆ ತಿಳಿಯುತ್ತದೆ.

ಇಳಿದ ಮೊದಲ ಬೆಳಿಗ್ಗೆ

ರಾತ್ರಿ ಬಸ್ಸಿನಲ್ಲಿ ಬೆಂಗಳೂರಿನಿಂದ ಮಂಗಳೂರಿಗೆ ಬಂದು ಇಳಿದಿದ್ದೀರಿ ಎಂದುಕೊಳ್ಳಿ. ಪಾದ ಊದಿದೆ, ಸೊಂಟ ಬಿಗಿದಿದೆ. ಎಲ್ಲರೂ ಮೊದಲು ಮಾಡುವುದು ಮುಂದಕ್ಕೆ ಬಾಗಿ ಕಾಲ್ಬೆರಳು ಹಿಡಿಯುವುದು. ಅದೇ ತಪ್ಪು. ಗಂಟೆಗಟ್ಟಲೆ ಬೆನ್ನು ಬಾಗಿಸಿ ಕೂತ ಮೇಲೆ ಮತ್ತೆ ಅದೇ ದಿಕ್ಕಿಗೆ ಬಗ್ಗಿಸುವುದೆಂದರೆ ಸೊಂಟನೋವನ್ನು ಕರೆದು ಕೂರಿಸಿಕೊಂಡಂತೆ.

ಗೋಡೆಗೆ ಕಾಲು ಚಾಚಿ ವಿಪರೀತ ಕರಣಿಯಲ್ಲಿ ಐದರಿಂದ ಹತ್ತು ನಿಮಿಷ ಮಲಗಿ. ಆಮೇಲೆ ಪಂಚೆಯನ್ನು ಪಾದಕ್ಕೆ ಸಿಕ್ಕಿಸಿ ಸುಪ್ತ ಪಾದಾಂಗುಷ್ಠಾಸನ, ಒಂದೊಂದು ಕಾಲಿಗೆ ಒಂದು ನಿಮಿಷ. ಮಾರ್ಜಾಲಾಸನ ಹತ್ತು ಸಲ, ಸೇತುಬಂಧ ಮೂರು ಸಲ. ಎದ್ದು ನಿಂತು ಸೂರ್ಯನಮಸ್ಕಾರ ಮೂರೋ ಐದೋ ಸುತ್ತು, ತ್ರಿಕೋನಾಸನ, ಪಾರ್ಶ್ವಕೋನಾಸನ ಎರಡೂ ಬದಿಗೆ ಐದೈದು ಉಸಿರು. ವಜ್ರಾಸನ ಎರಡು ನಿಮಿಷ, ಶವಾಸನ ಐದು. ಒಟ್ಟು ಅರ್ಧ ಗಂಟೆ. ಪ್ರಯಾಣದ ದಿನಗಳಲ್ಲಿ ಇದೇ ಪೂರ್ತಿ ಅಭ್ಯಾಸ ಎಂದು ಮೊದಲೇ ನಿರ್ಧರಿಸಿಬಿಡಿ. ಯೋಗಗುರು ಪಟ್ಟಾಭಿ ಜೋಯಿಸರ ಮೈಸೂರಿನ ಅಷ್ಟಾಂಗ ಕ್ರಮದವರು ಸೂರ್ಯನಮಸ್ಕಾರ, ನಿಂತು ಮಾಡುವ ಆಸನಗಳು, ಕೊನೆಯ ಮೂರು ಪದ್ಮಾಸನಗಳಿಗೆ ನಿಲ್ಲಿಸಿದರೆ ಕ್ರಮ ತಪ್ಪಿದಂತಾಗುವುದಿಲ್ಲ.

ಶೀರ್ಷಾಸನ ಹೋಟೆಲಿನಲ್ಲಿ ಬೇಡ. ಸರ್ವಾಂಗಾಸನ ಬೇಕೇಬೇಕೆಂದರೆ ಗಟ್ಟಿಯಾಗಿ ಮಡಚಿದ ಕಂಬಳಿ ಭುಜದಡಿ ಇರಲಿ. ದಿಂಬು ಕುಸಿಯುತ್ತದೆ, ಭಾರವೆಲ್ಲ ಕುತ್ತಿಗೆಗೆ ಬೀಳುತ್ತದೆ. ಹಾಸಿಗೆಯ ಮೇಲೆ ಶವಾಸನ ಬಿಟ್ಟು ಬೇರೇನೂ ಮಾಡಬೇಡಿ.

ಕೊಳ ಹುಡುಕುವುದು

ಹೋಟೆಲಿನ ಕೊಳ ಎಂಟು ಹತ್ತು ಮೀಟರ್ ಉದ್ದವಿದ್ದರೆ ಹೆಚ್ಚು. ಲ್ಯಾಪ್ (ಒಂದು ತುದಿಯಿಂದ ಇನ್ನೊಂದಕ್ಕೆ) ಹೊಡೆಯಲು ಅದು ಪ್ರಯೋಜನವಿಲ್ಲ, ಆದರೆ ಉಸಿರಾಟ ಕಲಿಯಲು ಧಾರಾಳ. 25 ಅಥವಾ 50 ಮೀಟರಿನ ಕೊಳ ಬೇಕೆಂದರೆ ಬೆಂಗಳೂರಿನ ಬಸವನಗುಡಿ ಅಕ್ವಾಟಿಕ್ ಸೆಂಟರ್, ಮೈಸೂರಿನ ಸರಸ್ವತಿಪುರಂನ ವಿಶ್ವವಿದ್ಯಾಲಯದ ಕೊಳ, ಮಂಗಳೂರಿನ ಲೇಡಿಹಿಲ್‌ನ ಮಂಗಳಾ ಈಜುಕೊಳದಂಥವು ಇವೆ. ಇಂಥ ಕಡೆ ಬ್ಯಾಚ್ ಪದ್ಧತಿ ಇರುವುದರಿಂದ ದಿನದ ಟಿಕೆಟ್ ಉಂಟೇ, ಮಹಿಳೆಯರ ಬ್ಯಾಚ್ ಯಾವಾಗ, ವಾರದ ರಜೆ ಯಾವತ್ತು ಎಂದು ಹಿಂದಿನ ದಿನವೇ ಕೇಳಿಕೊಳ್ಳಿ. ಇಳಿಯುವ ಮೊದಲು ಸೋಪು ಹಚ್ಚಿ ಸ್ನಾನ ಮಾಡಿ. ಕಣ್ಣುರಿಸುವ ಆ 'ಕ್ಲೋರಿನ್ ವಾಸನೆ' ಹೆಚ್ಚಿನಂಶ ಕ್ಲೋರಿನ್ನು ಬೆವರು, ಮೂತ್ರದ ಜೊತೆ ಸೇರಿ ಹುಟ್ಟುವ ಕ್ಲೋರಮಿನ್‌ನದು. ವಾಸನೆ ಗಾಢವಾಗಿರುವ ಕೊಳ ಶುದ್ಧವಾಗಿದೆ ಎಂದು ನಂಬಬೇಡಿ.

ಉಸಿರು: ಎಲ್ಲರೂ ಎಡವುವುದು ಇಲ್ಲೇ

ಚಾಪೆಯ ಮೇಲೆ ಉಸಿರು ಒಳಕ್ಕೂ ಹೊರಕ್ಕೂ ಮೂಗಿನಿಂದ, ಎರಡೂ ಸಮ, ಎರಡೂ ನಿಧಾನ. ನೀರಿನಲ್ಲಿ ಇದು ತಲೆಕೆಳಗು. ಒಳಗೆಳೆಯುವುದು ಬಾಯಿಯಿಂದ, ಒಂದು ಸೆಕೆಂಡಿಗಿಂತ ಕಡಿಮೆ ಅವಧಿಯಲ್ಲಿ. ಬಿಡುವುದು ಮುಖ ನೀರಿನಲ್ಲಿದ್ದಷ್ಟು ಹೊತ್ತೂ, ನಿಲ್ಲಿಸದೆ, ಮೂಗಿನಿಂದ. ಯೋಗದವರು ಮಾಡುವುದೇನೆಂದರೆ, ಉಸಿರು ತುಂಬಿಕೊಂಡು ಕುಂಭಕದಂತೆ ಹಿಡಿದು ಕೈಬೀಸುತ್ತಾರೆ. ಮುಖ ಮೇಲೆ ಬಂದಾಗ ಆ ಅರೆಕ್ಷಣದಲ್ಲೇ ಹಳೆಯದನ್ನು ಬಿಟ್ಟು ಹೊಸದನ್ನು ಎಳೆಯಬೇಕು, ಆಗುವುದಿಲ್ಲ. ನಾಲ್ಕು ಬೀಸಿನಲ್ಲಿ ಇಂಗಾಲದ ಡೈಆಕ್ಸೈಡ್ ಏರುತ್ತದೆ, ಉಸಿರು ಸಾಲದು ಎನ್ನಿಸುತ್ತದೆ, ಇನ್ನಷ್ಟು ಎಳೆಯಲು ನೋಡುತ್ತಾರೆ. ಎದೆ ಆಗಲೇ ತುಂಬಿದೆ. ಖಾಲಿ ಮಾಡದೇ ಇರುವುದೇ ಅಲ್ಲಿನ ತೊಂದರೆ. ಮೇಲಾಗಿ ಕತ್ತಿನವರೆಗೆ ನೀರಿನಲ್ಲಿ ನಿಂತರೆ ಅದರ ಒತ್ತಡ ಎದೆಗೂಡನ್ನು ಅದುಮುತ್ತದೆ. ನೆಲದ ಮೇಲೆ ಸಲೀಸಾಗಿದ್ದ ಪೂರಕ (ಉಸಿರೆಳೆತ) ಇಲ್ಲಿ ದುಡಿಮೆಯಾಗುತ್ತದೆ.

ತಿದ್ದಿಕೊಳ್ಳಲು ಎದೆಮಟ್ಟದ ನೀರಿನಲ್ಲಿ ಅಂಚು ಹಿಡಿದು ನಿಲ್ಲಿ. ಬಾಯಿಂದ ಉಸಿರೆಳೆದು ಮುಖ ಮುಳುಗಿಸಿ, ಭ್ರಾಮರಿಯಲ್ಲಿ ಮಾಡುವಂತೆ 'ಮ್‌ಮ್' ಎಂದು ಗುನುಗಿ. ಗುನುಗುವಷ್ಟು ಹೊತ್ತೂ ಗಾಳಿ ಮೂಗಿನಿಂದಲೇ ಹೊರಹೋಗುತ್ತಿರುವುದರಿಂದ ನೀರು ಒಳಬರುವುದಿಲ್ಲ, ಗುಳ್ಳೆಗಳು ಎಡೆಬಿಡದೆ ಏಳುತ್ತವೆ. ಕ್ಲಿಪ್ ಹಾಕಿದವರು ಇದನ್ನು ಎಂದಿಗೂ ಕಲಿಯುವುದಿಲ್ಲ. ಮೂರು ನಾಲ್ಕು ಸೆಕೆಂಡ್ ಗುನುಗಿ, ಕೊನೆಯ ಚೂರನ್ನು ತುಸು ಜೋರಾಗಿ ಬಿಟ್ಟು, ಮುಖ ಎತ್ತಿ ಬಾಯಿಂದ ಎಳೆಯಿರಿ. ಹೀಗೆ ನಿಲ್ಲದೆ ಇಪ್ಪತ್ತು ಸಲ. ಇಪ್ಪತ್ತನೆಯ ಸಲವೂ ಎದೆ ಬಡಿತ ಏರದೆ, ಮಾತಾಡಬಲ್ಲಂತಿದ್ದರೆ ಮುಂದಿನ ಹಂತ. ಇಲ್ಲವಾದರೆ ನಾಳೆಯೂ ಇದೇ. ಮೂರು ದಿನ ಇದರಲ್ಲೇ ಕಳೆದರೂ ನಷ್ಟವಿಲ್ಲ. ಇದನ್ನು ಹಾರಿಸಿದವರೇ ಮೂರು ತಿಂಗಳಾದರೂ ಒಂದು ಲ್ಯಾಪ್ ದಾಟದವರು.

ಮುಂದಿನದು ಪಕ್ಕಕ್ಕೆ ತಿರುಗುವುದು. ಒಂದು ಕೈ ಅಂಚಿನ ಮೇಲೆ, ಇನ್ನೊಂದು ತೊಡೆಗೆ ತಾಗಿರಲಿ, ಕಾಲು ಬಡಿಯುತ್ತ ಮೈಯನ್ನು ನೀರಿನ ಮೇಲೆ ಚಾಚಿ. ತೊಡೆಯ ಬದಿಯ ಭುಜ ಮೇಲೆದ್ದಂತೆ ತಲೆಯೂ ಅದರ ಜೊತೆ ತಿರುಗಬೇಕು. ಒಂದು ಕಿವಿ, ಗಾಗಲ್ಸ್‌ನ ಒಂದು ಕಣ್ಣು ನೀರಿನಲ್ಲೇ ಇರಲಿ. ತಲೆ ಎತ್ತಿದಿರೋ, ಸೊಂಟವೂ ಕಾಲೂ ಮುಳುಗುತ್ತವೆ. ಭುಜಂಗಾಸನದ ರೂಢಿಯಿರುವವರು ಉಸಿರಿಗೆಂದು ತಮಗರಿವಿಲ್ಲದೆ ಎದೆ ಎತ್ತಿಬಿಡುತ್ತಾರೆ, ಅದನ್ನು ಗಮನಿಸಿ.

ಆಮೇಲೆ ಕೈಬೀಸು. ಎರಡೂ ಬದಿ ಸಮವಿರಬೇಕೆಂಬ ಯೋಗದ ಅಭ್ಯಾಸಬಲದಿಂದ ಮೂರು ಬೀಸಿಗೊಮ್ಮೆ ಉಸಿರೆಳೆಯಲು ಹಲವರು ಹಟ ಹಿಡಿಯುತ್ತಾರೆ. ಆರಂಭದಲ್ಲಿ ಎರಡು ಬೀಸಿಗೊಮ್ಮೆಯೇ ಸರಿ. ಹೋಗುವಾಗ ಬಲಕ್ಕೆ, ಬರುವಾಗ ಎಡಕ್ಕೆ ತಿರುಗಿದರೆ ಸಮವೂ ಆಯಿತು. ಗಂಟಲು ಬಿಗಿದು ಉಸಿರಾಡುವ ಉಜ್ಜಾಯಿ ಪೂರ್ತಿ ಬಿಡಿ, ಬಿಗಿದ ಗಂಟಲಲ್ಲಿ ಅರೆಕ್ಷಣದ ಪೂರಕ ಸಾಧ್ಯವಿಲ್ಲ. ಕೆಳಹೊಟ್ಟೆಯನ್ನು ಹದವಾಗಿ ಒಳಗೆ ಹಿಡಿದರೆ ಮೈ ನೇರ ನಿಲ್ಲುತ್ತದೆ, ಆದರೆ ಹೊಟ್ಟೆಯನ್ನು ಪೂರ್ತಿ ಒಳಗೆಳೆಯುವ ಉಡ್ಡಿಯಾನ ಬಂಧ ಹಾಕಿದರೆ ವಪೆಯೇ (ಡಯಾಫ್ರಮ್) ಸಿಕ್ಕಿಬೀಳುತ್ತದೆ.

ಇನ್ನೊಂದು ಮಾತು, ಇದು ಜೀವದ ಪ್ರಶ್ನೆ. ನೀರಿಗಿಳಿಯುವ ಮುನ್ನ ಕಪಾಲಭಾತಿ, ಭಸ್ತ್ರಿಕಾದಂಥ ರಭಸದ ಪ್ರಾಣಾಯಾಮ ಬೇಡ. ನೀರೊಳಗೆ ಉಸಿರು ಹಿಡಿಯುವ ಪಂದ್ಯ ಯಾವತ್ತೂ ಬೇಡ. ಉಸಿರಾಡಬೇಕೆಂಬ ತಹತಹ ಮುಖ್ಯವಾಗಿ ಹುಟ್ಟುವುದು ಇಂಗಾಲದ ಡೈಆಕ್ಸೈಡ್ ಏರಿಕೆಯಿಂದ. ರಭಸದ ಉಸಿರಾಟ ಅದನ್ನು ಇಳಿಸಿಬಿಡುತ್ತದೆ, ಆಮ್ಲಜನಕವನ್ನು ಹೆಚ್ಚೇನೂ ಏರಿಸದು. ನೀರಿನಡಿ ಆಮ್ಲಜನಕ ತೀರುತ್ತ ಬಂದರೂ ತಹತಹ ಬರುವುದಿಲ್ಲ, ಮುನ್ಸೂಚನೆಯಿಲ್ಲದೆ ಪ್ರಜ್ಞೆ ತಪ್ಪುತ್ತದೆ. ನಾಲ್ಕಡಿ ನೀರಿನಲ್ಲೂ, ಚೆನ್ನಾಗಿ ಈಜು ಬಲ್ಲವರಿಗೂ ಹೀಗಾಗುತ್ತದೆ. ಆ ಪ್ರಾಣಾಯಾಮಗಳನ್ನು ಈಜಿಲ್ಲದ ದಿನಕ್ಕೋ ಸಂಜೆಗೋ ಇಟ್ಟುಕೊಳ್ಳಿ.

ಭುಜ, ಮಂಡಿ, ಹೊಟ್ಟೆ

ಲೆಕ್ಕ ಹಾಕಿ: ಅಷ್ಟಾಂಗ ಕ್ರಮದ ಐದು 'ಎ' ಮತ್ತು ಮೂರು 'ಬಿ' ಬಗೆಯ ಸೂರ್ಯನಮಸ್ಕಾರಗಳಲ್ಲೇ 14 ಚತುರಂಗ ದಂಡಾಸನ (ಮೊಣಕೈ ಮಡಚಿ ಮೈಯನ್ನು ನೆಲಕ್ಕೆ ಸಮನಾಗಿ ಇಳಿಸುವುದು) ಇವೆ. ಹೊಸಬರು 25 ಮೀಟರಿಗೆ ಸುಮಾರು 24 ಬಾರಿ ಕೈಬೀಸಿದರೆ, 16 ಲ್ಯಾಪ್‌ಗೆ 384 ಬೀಸು. ಎರಡೂ ಭುಜದ ಮುಂಭಾಗವನ್ನೇ ದುಡಿಸುತ್ತವೆ. ಎರಡನ್ನೂ ಒಂದೇ ದಿನ ಪೂರ್ತಿ ಮಾಡಿದರೆ ತೋಳು ಮೇಲೆತ್ತುವಾಗ ಚುಚ್ಚುವ ನೋವು ಶುರುವಾಗುತ್ತದೆ. ಈಜಿನ ದಿನ ಚತುರಂಗವನ್ನು ಮಂಡಿ ಊರಿ ಮಾಡಿ, ಭುಜ ಮೊಣಕೈಗಿಂತ ಕೆಳಗಿಳಿಯದಿರಲಿ. ಈಜುವ ಮೊದಲು ತೋಳನ್ನು ಹಿಂದಕ್ಕೆ ಎಳೆದು ದೀರ್ಘವಾಗಿ ಹಿಗ್ಗಿಸುವುದೂ ಬೇಡ, ತೋಳು ತಿರುಗಿಸಿ ಬೆಚ್ಚಗೆ ಮಾಡಿಕೊಂಡರೆ ಸಾಕು. ಗೋಮುಖಾಸನ ಈಜಾದ ಮೇಲೆ.

ಬ್ರೆಸ್ಟ್ ಸ್ಟ್ರೋಕ್‌ನ ಕಪ್ಪೆ ಒದೆತ ಮಂಡಿಯ ಒಳಬದಿಗೆ ಹೊರೆ. ಬಲವಂತದ ಪದ್ಮಾಸನವೂ ಮಂಡಿಯನ್ನೇ ತಿರುಚುತ್ತದೆ. ಒಂದನ್ನು ಆರಿಸಿಕೊಳ್ಳಿ. ಯೋಗ ಬಿಡದವರಿಗೆ ಫ್ರೀಸ್ಟೈಲ್ ಮತ್ತು ಬ್ಯಾಕ್ ಸ್ಟ್ರೋಕ್ ಜೋಡಿಯೇ ಸರಿ. ವಜ್ರಾಸನದ ಲಾಭ ಕೊಳದಲ್ಲಿ ಕಾಣುತ್ತದೆ: ಕಾಲಿನ ಹರಡು ಸಡಿಲವಿದ್ದರೆ ಪಾದ ಹಿಂದಕ್ಕೆ ಚಾಚಿ ಒದೆತಕ್ಕೆ ಬಲ ಬರುತ್ತದೆ. ಮೀನಖಂಡ ಹಿಡಿದುಕೊಂಡರೆ ಅಂಚಿಗೆ ಬಂದು ಕಾಲ್ಬೆರಳನ್ನು ಮೊಣಕಾಲಿನತ್ತ ಎಳೆಯಿರಿ.

ಊಟವಾಗಿ ನಾಲ್ಕು ಗಂಟೆ, ಇಡ್ಲಿಯಾಗಿ ಎರಡು ಗಂಟೆ ಬಿಟ್ಟು ಆಸನ. ಆಸನ ಮುಗಿದ ಮೇಲೆ ಅದೇ ಖಾಲಿ ಹೊಟ್ಟೆಯಲ್ಲಿ ಈಜಲು ಹೋಗಬೇಡಿ, ಒಂದು ಬಾಳೆಹಣ್ಣು ತಿಂದು ಅರ್ಧ ಮುಕ್ಕಾಲು ಗಂಟೆ ಬಿಡಿ. ನೀರಿನಲ್ಲಿದ್ದಾಗ ಬೆವರುವುದು ಗೊತ್ತಾಗದು, ಬಾಟಲಿ ಅಂಚಿನಲ್ಲೇ ಇರಲಿ.

ವಾರಕ್ಕೆ ಮೂರು ದಿನ ಈಜು ಸಾಕು. ಉಸಿರಾಟ ಕುದುರಿದ ಮೇಲೆ 25 ಮೀಟರಿನ ಆರು ಲ್ಯಾಪ್, ನಡುವೆ 45 ಸೆಕೆಂಡ್ ವಿರಾಮ. ಮುಂದಿನ ವಾರ ಎಂಟು, ಆಮೇಲೆ ಹನ್ನೆರಡು. ಲ್ಯಾಪ್ ಹೆಚ್ಚಿಸಿದ ವಾರ ವಿರಾಮ ಕಡಿಮೆ ಮಾಡಬೇಡಿ.

ಕೊಳ ಸಿಗಲಿಲ್ಲವೆಂದು ಗುರುತಿಲ್ಲದ ಕೆರೆ, ಕಲ್ಲುಕ್ವಾರಿಗೆ ಇಳಿಯಬೇಡಿ. ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸಮುದ್ರದ ಮಾತೇ ಬೇಡ. ಉಳಿದ ತಿಂಗಳಲ್ಲೂ ಮಲ್ಪೆ, ಮುರ್ಡೇಶ್ವರ, ಗೋಕರ್ಣ ಎಲ್ಲೇ ಆಗಲಿ, ಜೀವರಕ್ಷಕರು ತೋರಿಸಿದ ಜಾಗದಲ್ಲಿ ಮಾತ್ರ. ಸೆಳೆತಕ್ಕೆ ಸಿಕ್ಕಿದರೆ ದಡದತ್ತ ಗುದ್ದಾಡದೆ, ದಡಕ್ಕೆ ಸಮಾನಾಂತರವಾಗಿ ಈಜಿ ಸೆಳೆತದಿಂದ ಹೊರಬಂದು ಆಮೇಲೆ ತಿರುಗಿ.

ಮೂಗು, ಕಿವಿ

ಈಜಿನ ಬಳಿಕ ಮೂಗು ಕಟ್ಟಿದರೆ ಜಲನೇತಿ (ಉಪ್ಪುನೀರಿನಿಂದ ಮೂಗು ತೊಳೆಯುವುದು) ಮಾಡಬಹುದು, ಆದರೆ ಹೋಟೆಲಿನ ನಲ್ಲಿ ನೀರಿನಿಂದ ಖಂಡಿತ ಕೂಡದು. ನಲ್ಲಿ ನೀರಿನಲ್ಲಿ ಇರಬಹುದಾದ ನೆಗ್ಲೇರಿಯಾ ಎಂಬ ಅಮೀಬಾ ಮೂಗಿನ ಮೂಲಕ ಮಿದುಳು ಸೇರಿದರೆ ಬದುಕುಳಿಯುವವರು ವಿರಳ. ಕೋಣೆಯ ಕೆಟಲ್‌ನಲ್ಲಿ ನೀರನ್ನು ಕನಿಷ್ಠ ಒಂದು ನಿಮಿಷ ಕೊತಕೊತ ಕುದಿಸಿ, ಉಗುರುಬೆಚ್ಚಗಾಗಲು ಬಿಡಿ. ಕೆಟಲ್ ಕುದಿ ಬಂದ ಕೂಡಲೇ ಆರುವಂಥದ್ದಾದರೆ ಮತ್ತೆ ಮತ್ತೆ ಹಾಕಬೇಕು. ಅರ್ಧ ಲೀಟರಿಗೆ ಮುಕ್ಕಾಲು ಟೀ ಚಮಚ ಪುಡಿ ಉಪ್ಪು. ಕಡಿಮೆಯಾದರೆ ಮೂಗು ಉರಿಯುತ್ತದೆ.

ಕಿವಿಯ ನೀರಿಗೆ ಇಯರ್ ಬಡ್ ಹಾಕಬೇಡಿ. ತಲೆಯನ್ನು ಪಕ್ಕಕ್ಕೆ ಓರೆ ಮಾಡಿ ಕಿವಿಯ ಹಾಲೆಯನ್ನು ಮೆಲ್ಲಗೆ ಎಳೆದರೆ ಇಳಿಯುತ್ತದೆ. ಮರುದಿನ ಹಾಲೆ ಎಳೆದಾಗ ನೋವಾದರೆ ಕಿವಿನಾಳಕ್ಕೆ ಸೋಂಕು ತಗುಲಿರಬಹುದು. ವೈದ್ಯರಿಗೆ ತೋರಿಸಿ, ಅವರು ಸರಿ ಎನ್ನುವವರೆಗೆ ಕೊಳ ಬಿಟ್ಟು ಚಾಪೆಯ ಅರ್ಧ ಗಂಟೆಯನ್ನಷ್ಟೇ ಮುಂದುವರಿಸಿ.